ಫಲದ ಹಿರಿಮೆ, ಸಾಧನದ ಋಣ

ಮಹತ್ಕಾರ್ಯವೊಂದು ಪೂರ್ಣಗೊಂಡ ಮೇಲೆ ಅದರ ಫಲವನ್ನು ಕಾಣುವ ಕಣ್ಣುಗಳು ಅನೇಕ. ಆ ಫಲಕ್ಕಾಗಿ ತೆತ್ತ ಬೆಲೆಯನ್ನು ಕಾಣುವ ಕಣ್ಣುಗಳು ವಿರಳ. ಸೇತುವೆಯ ಮೇಲೆ ನಡೆದುಹೋಗುವವನು ಅದರ ಕಂಬದ ಬುಡದಲ್ಲಿ ಕೆಸರಿನಲ್ಲಿ ನಿಂತು ದುಡಿದವನನ್ನು ನೆನೆಯುವುದಿಲ್ಲ. ಇಂತಹ ಮರೆವು ಮನುಷ್ಯನಿಗೆ ಸಹಜವಾದರೂ ನೀತಿಯ ದೃಷ್ಟಿಯಿಂದ ನಿರ್ದೋಷವೆನ್ನಲಾಗದು. ಬಹುಜನರಿಗೆ ಹಿತವಾದ ಕಾರ್ಯವೊಂದರಲ್ಲಿ ಕೆಲವರಿಗೆ ಅನ್ಯಾಯವಾಗಿದ್ದರೆ, ಆ ಹಿತದಿಂದಲೇ ಅನ್ಯಾಯವು ತೊಳೆದುಹೋಗುವುದೇ? ಹೋಗದಿದ್ದರೆ ಆ ಋಣವನ್ನು ಹೊರಬೇಕಾದವರು ಯಾರು? ಕಟ್ಟಿದವರೇ, ಕಟ್ಟಿಸಿದವರೇ, ಅಥವಾ ಅನಂತರದ ಕಾಲದಲ್ಲಿ ಅದರ ಆಡಳಿತವನ್ನು ವಹಿಸಿಕೊಂಡು ಫಲವನ್ನು ಅನುಭವಿಸುತ್ತಿರುವವರೇ? ಈ ಪ್ರಶ್ನೆಗಳನ್ನು ವಿವೇಚಿಸಲು ಪನಾಮಾ ಕಾಲುವೆಯ ಇತಿಹಾಸವು ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತದೆ.

ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳನ್ನು ಕೂಡಿಸುವ ಕಿರಿದಾದ ಭೂಸಂಧಿಯನ್ನು ಸೀಳಿ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಬೆಸೆದಿರುವ ಈ ಜಲಮಾರ್ಗದ ಉದ್ದ ಸುಮಾರು 80 ಕಿಲೋಮೀಟರ್. 1914ರ ಆಗಸ್ಟ್ 15ರಂದು ಇದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಹಡಗು ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಸುಮಾರು 21,000 ಕಿಲೋಮೀಟರ್ ಸಾಗಬೇಕಾಗಿತ್ತು. ಕಾಲುವೆಯಿಂದ ಆ ದೂರವು ಸುಮಾರು 8,400 ಕಿಲೋಮೀಟರಿಗೆ ಇಳಿಯಿತು. ಇಲ್ಲಿ ಹಡಗುಗಳು ಸಮುದ್ರಮಟ್ಟದಲ್ಲಿ ನೇರವಾಗಿ ದಾಟುವುದಿಲ್ಲ. ಲಾಕ್ ಎಂದು ಕರೆಯಲಾಗುವ, ಎರಡೂ ಕಡೆ ಬಾಗಿಲುಗಳುಳ್ಳ ದೊಡ್ಡ ನೀರಿನ ಕೋಠಿಗಳಲ್ಲಿ ಮೂರು ಮೆಟ್ಟಿಲುಗಳಾಗಿ ಏರಿ, ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿರುವ ಗಾತೂನ್ ಸರೋವರವನ್ನು ಸೇರುತ್ತವೆ. ಅದನ್ನು ಹಾದು, ಕುಲೆಬ್ರಾ ಬೆಟ್ಟವನ್ನು ಕಡಿದು ಮಾಡಿದ ಕಣಿವೆಯ ಮೂಲಕ ಸಾಗಿ, ಮತ್ತೆ ಮೂರು ಮೆಟ್ಟಿಲುಗಳಾಗಿ ಇಳಿದು ಎದುರಿನ ಸಾಗರವನ್ನು ಮುಟ್ಟುತ್ತವೆ. ಕೋಠಿಗಳನ್ನು ತುಂಬಲು ಪಂಪುಗಳಿಲ್ಲ. ಸರೋವರದ ಸಿಹಿನೀರು ತನ್ನ ಭಾರದಿಂದಲೇ ಹರಿದು ಹಡಗನ್ನು ಎತ್ತುತ್ತದೆ. ಯಂತ್ರಶಿಲ್ಪದ ಇತಿಹಾಸದಲ್ಲಿ ಇದೊಂದು ಉನ್ನತ ಸಾಧನೆಯೆಂಬುದನ್ನು ಅಲ್ಲಗಳೆಯುವಂತಿಲ್ಲ.

ಈ ಸಾಧನೆಯ ಮೊದಲ ಅಧ್ಯಾಯವು ಸೋಲಿನದು. 1869ರಲ್ಲಿ ಸೂಯೆಜ್ ಕಾಲುವೆಯನ್ನು ಪೂರ್ಣಗೊಳಿಸಿ ಲೋಕಖ್ಯಾತನಾಗಿದ್ದ ಫ್ರಾನ್ಸಿನ ಫರ್ಡಿನೆಂಡ್ ದ ಲೆಸೆಪ್ಸ್, 1879ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಅಂತಾರಾಷ್ಟ್ರೀಯ ಸಭೆಯಲ್ಲಿ ಪನಾಮಾದಲ್ಲಿಯೂ ಅಂತಹುದೇ ಸಮುದ್ರಮಟ್ಟದ ಕಾಲುವೆಯನ್ನು ತೋಡುವ ಯೋಜನೆಗೆ ಒಪ್ಪಿಗೆ ಪಡೆದನು. ಸೂಯೆಜ್ ಮರಳಿನ ಸಮತಲ. ಪನಾಮಾ ಬೆಟ್ಟ, ಕಾಡು, ಮಳೆ ಮತ್ತು ಉಕ್ಕುವ ಚಾಗ್ರೆಸ್ ನದಿಯ ನಾಡು. ಗೊದ್ಯಾಂ ದ ಲೆಪಿನೇ ಎಂಬ ಯಂತ್ರಶಿಲ್ಪಿಯು ಅದೇ ಸಭೆಯಲ್ಲಿ, ನದಿಗೆ ಅಣೆಕಟ್ಟು ಕಟ್ಟಿ ಸರೋವರವನ್ನು ನಿರ್ಮಿಸಿ ಹಡಗುಗಳನ್ನು ಏರಿಸಿ ಇಳಿಸುವುದೇ ಸರಿಯಾದ ಮಾರ್ಗವೆಂದು ವಾದಿಸಿದನು. ಮೂರು ದಶಕಗಳ ಬಳಿಕ ಕೈಗೂಡಿದ್ದು ಬಹುಮಟ್ಟಿಗೆ ಅವನ ಕಲ್ಪನೆಯೇ. ಆದರೆ ಅಂದು ಒಬ್ಬ ವ್ಯಕ್ತಿಯ ಕೀರ್ತಿಯ ಮುಂದೆ ಒಬ್ಬ ವಿವೇಕಿಯ ಮಾತು ನಿಲ್ಲಲಿಲ್ಲ. ಹಿಂದಿನ ಯಶಸ್ಸು ಹೊಸ ಕಾರ್ಯದಲ್ಲಿ ಕಣ್ಣಿಗೆ ಪೊರೆಯಾಗುವುದುಂಟು.

1881ರಲ್ಲಿ ಕೆಲಸ ಆರಂಭವಾಯಿತು. ಹಳದಿ ಜ್ವರ ಮತ್ತು ಮಲೇರಿಯಾಗಳು ಕೂಲಿಗಾರರನ್ನೂ ಯಂತ್ರಶಿಲ್ಪಿಗಳನ್ನೂ ಸಮನಾಗಿ ಬಲಿ ತೆಗೆದುಕೊಂಡವು. ಈ ರೋಗಗಳನ್ನು ಸೊಳ್ಳೆಗಳು ಹರಡುತ್ತವೆಂದು ಆಗ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಇರುವೆಗಳ ಬಾಧೆ ಬಾರದಿರಲೆಂದು ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುತ್ತಿದ್ದರು. ಆ ನೀರಿನಲ್ಲಿಯೇ ಸೊಳ್ಳೆಗಳು ಹುಟ್ಟಿ ಬೆಳೆದು ರೋಗಿಯಿಂದ ರೋಗಿಗೆ ಮೃತ್ಯುವನ್ನು ಕೊಂಡೊಯ್ದವು. ಕರುಣೆಯಿಂದ ಮಾಡಿದ ಕಾರ್ಯವೇ ಅಜ್ಞಾನದ ಕಾರಣದಿಂದ ಮಾರಕವಾಯಿತು. ಸದ್ಭಾವವೊಂದೇ ಸಾಲದು, ಸಮ್ಯಕ್ ಜ್ಞಾನವೂ ಬೇಕೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತವು ದೊರೆಯುವುದು ಕಷ್ಟ.

ಅಜ್ಞಾನವನ್ನು ಕ್ಷಮಿಸಬಹುದು, ಮರೆಮಾಚುವಿಕೆಯನ್ನು ಕ್ಷಮಿಸಲಾಗದು. ಗುತ್ತಿಗೆದಾರನು ಆಸ್ಪತ್ರೆ ಸೇರಿದ ತನ್ನ ಕೂಲಿಗಾರನ ಖರ್ಚಿಗೆಂದು ದಿನಕ್ಕೊಂದು ಡಾಲರ್ ತೆರಬೇಕಾಗಿತ್ತು. ಆದಕಾರಣ ಕಾಯಿಲೆ ಬಿದ್ದವನನ್ನು ಕೆಲಸದಿಂದ ತೆಗೆದುಹಾಕುವುದು ಲಾಭಕರವಾಗಿ ಕಂಡಿತು. ಹೀಗೆ ಬೀದಿಯಲ್ಲಿಯೋ ಗುಡಿಸಲಿನಲ್ಲಿಯೋ ಸತ್ತವರು ಯಾವ ದಾಖಲೆಯನ್ನೂ ಸೇರಲಿಲ್ಲ. ಫ್ರೆಂಚರ ಕಾಲದಲ್ಲಿ ಮಡಿದವರು ಸುಮಾರು 22,000 ಮಂದಿಯೆಂಬುದು ಅನಂತರ ಮಾಡಿದ ಅಂದಾಜು. ದಾಖಲೆಯಲ್ಲಿರುವುದು ಅದರ ಸುಮಾರು ಕಾಲುಭಾಗ ಮಾತ್ರ. ಅತ್ತ ಫ್ರಾನ್ಸಿನಲ್ಲಿ ಸಣ್ಣ ಉಳಿತಾಯದ ಲಕ್ಷಾಂತರ ಕುಟುಂಬಗಳು ಷೇರುಗಳಲ್ಲಿಯೂ ಸಾಲಪತ್ರಗಳಲ್ಲಿಯೂ ಹಣ ತೊಡಗಿಸಿದ್ದವು. ಕಷ್ಟದ ಸುದ್ದಿ ಹೊರಬೀಳದಂತೆ ಪತ್ರಿಕೆಗಳಿಗೆ ಹಣ ಹೋಯಿತು. ಲಾಟರಿ ಸಾಲಕ್ಕೆ ಅನುಮತಿ ಪಡೆಯಲು ಶಾಸಕರಿಗೂ ಹಣ ಸಂದಿತು. 1889ರಲ್ಲಿ ಕಂಪನಿ ಮುಳುಗಿತು. 1893ರಲ್ಲಿ ಲೆಸೆಪ್ಸನಿಗೂ ಅವನ ಮಗನಿಗೂ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಆ ತೀರ್ಪು ತಾಂತ್ರಿಕ ಕಾರಣದಿಂದ ಮುಂದೆ ರದ್ದಾಯಿತಾದರೂ ಕಳೆದುಹೋದ ಉಳಿತಾಯವಾಗಲಿ ಪ್ರಾಣಗಳಾಗಲಿ ಮರಳಿ ಬರಲಿಲ್ಲ.

ಎರಡನೆಯ ಅಧ್ಯಾಯವು ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಆಗ ಪನಾಮಾ ಪ್ರದೇಶವು ಕೊಲಂಬಿಯಾ ದೇಶಕ್ಕೆ ಸೇರಿತ್ತು. ಕಾಲುವೆಯ ಒಪ್ಪಂದವನ್ನು ಕೊಲಂಬಿಯಾದ ಸೆನೆಟ್ 1903ರ ಆಗಸ್ಟಿನಲ್ಲಿ ತಿರಸ್ಕರಿಸಿತು. ನವೆಂಬರ್ 3ರಂದು ಪನಾಮಾ ಸ್ವಾತಂತ್ರ್ಯ ಘೋಷಿಸಿತು. ಕೊಲಂಬಿಯಾದ ಸೈನ್ಯ ಅದನ್ನು ತಡೆಯದಂತೆ ಅಮೆರಿಕದ ಯುದ್ಧನೌಕೆಗಳು ಕಾವಲು ನಿಂತವು. ಹದಿನೈದು ದಿನಗಳೊಳಗೆ, ನವೆಂಬರ್ 18ರಂದು, ಹೊಸ ಒಪ್ಪಂದಕ್ಕೆ ಸಹಿ ಬಿದ್ದಿತು. ಪನಾಮಾದ ಪರವಾಗಿ ಸಹಿ ಹಾಕಿದವನು ಪನಾಮಾದವನಲ್ಲ. ಹಳೆಯ ಫ್ರೆಂಚ್ ಯೋಜನೆಯಲ್ಲಿ ದುಡಿದಿದ್ದ, ಅದರ ಆಸ್ತಿಯ ಮಾರಾಟದಲ್ಲಿ ಹಿತಾಸಕ್ತಿಯಿದ್ದ ಫಿಲಿಪ್ ಬ್ಯುನೊ-ವಾರಿಯಾ ಎಂಬ ಫ್ರೆಂಚ್ ಯಂತ್ರಶಿಲ್ಪಿ. ಪನಾಮಾದ ಪ್ರತಿನಿಧಿಗಳು ವಾಷಿಂಗ್ಟನ್ ತಲುಪುವ ಕೆಲವೇ ಗಂಟೆಗಳ ಮುಂಚೆ ಸಹಿಯ ಕಾರ್ಯ ಮುಗಿದಿತ್ತು. ಸುಮಾರು 16 ಕಿಲೋಮೀಟರ್ ಅಗಲದ ಪಟ್ಟಿಯೊಂದು ಶಾಶ್ವತವಾಗಿ ಅಮೆರಿಕದ ಅಧಿಕಾರಕ್ಕೆ ಹೋಯಿತು. ಅದಕ್ಕೆ ಪ್ರತಿಫಲವಾಗಿ ಪನಾಮಾಕ್ಕೆ ದೊರೆತದ್ದು ಒಂದು ಕೋಟಿ ಡಾಲರ್ ಮತ್ತು ಒಂಬತ್ತು ವರ್ಷಗಳ ಬಳಿಕ ಆರಂಭವಾಗುವ 2,50,000 ಡಾಲರ್ ವಾರ್ಷಿಕ ಸಲ್ಲಿಕೆ. ಫ್ರೆಂಚ್ ಕಂಪನಿಯ ಹಕ್ಕು ಮತ್ತು ಯಂತ್ರಗಳಿಗೆ ಸಂದಾಯವಾದದ್ದು ನಾಲ್ಕು ಕೋಟಿ ಡಾಲರ್. ನೆಲದ ಒಡೆಯನಿಗಿಂತ ಅರ್ಧ ತೋಡಿದ ಹಳ್ಳದ ಒಡೆಯನಿಗೆ ಹೆಚ್ಚು ಬೆಲೆ ದೊರೆಯಿತು. ತಾವು ಕಾಲುವೆಯನ್ನು ಕೈಗೆತ್ತಿಕೊಂಡು, ವಾದವನ್ನು ಸಂಸತ್ತಿಗೆ ಬಿಟ್ಟೆವೆಂಬ ಅರ್ಥದ ಮಾತನ್ನು ಥಿಯೊಡೋರ್ ರೂಸ್‌ವೆಲ್ಟರು 1911ರಲ್ಲಿ ಬಹಿರಂಗವಾಗಿಯೇ ಆಡಿದರು. ಹತ್ತು ವರ್ಷಗಳ ಬಳಿಕ, 1921ರಲ್ಲಿ, ಅದೇ ಅಮೆರಿಕ ಕೊಲಂಬಿಯಾಕ್ಕೆ ಎರಡೂವರೆ ಕೋಟಿ ಡಾಲರ್ ಕೊಡುವ ಒಪ್ಪಂದವನ್ನು ಅಂಗೀಕರಿಸಿತು. ಬಲದಿಂದ ಪಡೆದದ್ದಕ್ಕೂ ಒಂದು ದಿನ ಲೆಕ್ಕ ಕೊಡಬೇಕಾಯಿತು.

ನಿರ್ಮಾಣದ ಹಂತದಲ್ಲಿ ಅತ್ಯಂತ ಪ್ರಶಂಸನೀಯವಾದ ಕಾರ್ಯವು ವೈದ್ಯ ವಿಲಿಯಂ ಗಾರ್ಗಸ್ ಅವರದು. ಸೊಳ್ಳೆಯೇ ಹಳದಿ ಜ್ವರದ ವಾಹಕವೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲಿಯೇ ಸೂಚಿಸಿದ್ದರು. 1900ರಲ್ಲಿ ವಾಲ್ಟರ್ ರೀಡ್ ಮತ್ತು ಅವರ ಸಂಗಡಿಗರು ಅದನ್ನು ಸಿದ್ಧಪಡಿಸಿದರು. ಗಾರ್ಗಸ್ ಈ ಜ್ಞಾನವನ್ನು ಪನಾಮಾದಲ್ಲಿ ಆಚರಣೆಗೆ ತಂದರು. ಮೇಲಧಿಕಾರಿಗಳು ಮೊದಲು ನಂಬಲಿಲ್ಲ, ಹಣ ಕೊಡಲಿಲ್ಲ. 1905ರಲ್ಲಿ ಮುಖ್ಯ ಯಂತ್ರಶಿಲ್ಪಿಯಾಗಿ ಬಂದ ಜಾನ್ ಸ್ಟೀವನ್ಸ್ ಬೆಂಬಲ ನೀಡಿದ ಮೇಲೆ ಕೆಲಸ ವೇಗ ಪಡೆಯಿತು. ನಿಂತ ನೀರಿಗೆ ಎಣ್ಣೆ ಸುರಿದರು, ಮನೆಗಳಲ್ಲಿ ಹೊಗೆ ಹಾಕಿದರು, ಕಿಟಕಿಗಳಿಗೆ ತಂತಿಯ ಬಲೆ ಕಟ್ಟಿದರು. ಜೀವಹಾನಿಯನ್ನು ಕುರಿತು ಸೂಕ್ಷ್ಮವಾಗಿ ಆಲೋಚಿಸುವವರಿಗೆ ಇಲ್ಲಿ ಅಳುಕುಂಟಾಗುವುದು ಸಹಜ. ಆದರೆ ಇದೇ ಕಾರ್ಯದ ಇನ್ನೊಂದು ಮುಖವನ್ನೂ ಗಮನಿಸಬೇಕು. ಪನಾಮಾ ಮತ್ತು ಕೊಲೋನ್ ನಗರಗಳಿಗೆ ಕೊಳವೆಯಲ್ಲಿ ನೀರು ತಂದದ್ದರಿಂದ ಮನೆಮನೆಯಲ್ಲಿ ಪೀಪಾಯಿಗಳಲ್ಲಿ ಮಳೆನೀರು ಕೂಡಿಡುವ ಅಗತ್ಯವೇ ತಪ್ಪಿತು; ಬೀದಿಗಳು ಶುಚಿಯಾದವು, ಚರಂಡಿಗಳು ಬಂದವು. ಹುಟ್ಟಿದ್ದನ್ನು ಕೊಲ್ಲುವುದಕ್ಕಿಂತ, ಕೊಲ್ಲುವ ಸಂದರ್ಭವೇ ಬಾರದಂತೆ ಬದುಕನ್ನು ಅಣಿಗೊಳಿಸುವುದು ಹೆಚ್ಚು ಸ್ಥಿರವಾದ ಪರಿಹಾರವಾಯಿತು. 1905ರ ನವೆಂಬರಿನ ಬಳಿಕ ಪನಾಮಾ ನಗರದಲ್ಲಿ ಹಳದಿ ಜ್ವರದಿಂದ ಸಾವು ಕಾಣಿಸಲಿಲ್ಲ.

ಈ ಯಶಸ್ಸಿನಿಂದ ಗಂಭೀರವಾದೊಂದು ಪ್ರಶ್ನೆ ಉದ್ಭವಿಸುತ್ತದೆ. ಮನಸ್ಸು ಮಾಡಿದರೆ ಮರಣವನ್ನು ತಡೆಯಬಹುದೆಂದು ಸಿದ್ಧವಾದ ಮೇಲೆ, ತಡೆಯದೆ ಉಳಿದ ಮರಣಗಳಿಗೆ ವಿಧಿಯನ್ನು ಹೊಣೆ ಮಾಡಲು ಬರುವುದೇ? 1906ರಲ್ಲಿ ಬಿಳಿಯ ನೌಕರರಲ್ಲಿ ಸಾವಿರಕ್ಕೆ ಸುಮಾರು 17 ಮಂದಿ ಸತ್ತರೆ, ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದ ಕಪ್ಪು ಕೂಲಿಗಾರರಲ್ಲಿ ಸಾವಿರಕ್ಕೆ ಸುಮಾರು 59 ಮಂದಿ ಸತ್ತರು. ಅವರನ್ನು ಹೆಚ್ಚಾಗಿ ಕೊಂದದ್ದು ನ್ಯುಮೋನಿಯಾ. ಮಳೆಯಲ್ಲಿ ದಿನವಿಡೀ ದುಡಿದು, ಒಣಗಿಸಲು ಸ್ಥಳವಿಲ್ಲದೆ ಮರುದಿನ ಅದೇ ಒದ್ದೆ ಬಟ್ಟೆಯನ್ನು ಉಟ್ಟು, ಕಿಕ್ಕಿರಿದ ಬಿಡಾರಗಳಲ್ಲಿ ಮಲಗುವವರಿಗೆ ಬರುವ ರೋಗವದು. ಅದನ್ನು ತಡೆಯಲು ಹೊಸ ಸಂಶೋಧನೆ ಬೇಕಿರಲಿಲ್ಲ. ಒಣಗಿದ ಬಟ್ಟೆ, ಗಾಳಿಯಾಡುವ ವಸತಿ ಮತ್ತು ಹೊಟ್ಟೆತುಂಬ ಆಹಾರ ಬೇಕಾಗಿತ್ತು. ಹಳದಿ ಜ್ವರ ಬಿಳಿಯ ಅಧಿಕಾರಿಯನ್ನೂ ಬಿಡುತ್ತಿರಲಿಲ್ಲ. ಅದನ್ನು ನಿರ್ಮೂಲ ಮಾಡಲು ತೋರಿದ ತ್ವರೆಯು ಬಡವರ ಮನೆಬಾಗಿಲಿಗೆ ಮಾತ್ರ ಬರುವ ರೋಗದ ವಿಷಯದಲ್ಲಿ ಕಾಣಲಿಲ್ಲ.

ಈ ಭೇದವು ಆಕಸ್ಮಿಕವೂ ಆಗಿರಲಿಲ್ಲ. ಅದು ಆಡಳಿತದ ಲೆಕ್ಕಪುಸ್ತಕದಲ್ಲಿಯೇ ಬರೆದಿತ್ತು. ನೌಕರರನ್ನು ಎರಡು ಪಟ್ಟಿಗಳಲ್ಲಿ ವಿಭಜಿಸಲಾಗಿತ್ತು. ಚಿನ್ನದ ಪಟ್ಟಿಯವರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ, ಉಚಿತ ವಸತಿ, ರಜೆ. ಬೆಳ್ಳಿಯ ಪಟ್ಟಿಯವರಿಗೆ ಬೆಳ್ಳಿಯ ನಾಣ್ಯದಲ್ಲಿ ಕೂಲಿ. ಮೊದಲು ನಾಣ್ಯದ ವ್ಯತ್ಯಾಸವಾಗಿದ್ದುದು ಬರಬರುತ್ತ ವರ್ಣದ ಗೋಡೆಯಾಯಿತು. ಅಂಗಡಿ, ಅಂಚೆಕಚೇರಿಯ ಕಿಟಕಿ, ಶಾಲೆ, ಆಸ್ಪತ್ರೆಯ ವಾರ್ಡು, ಕುಡಿಯುವ ನೀರಿನ ನಲ್ಲಿ ಎಲ್ಲವೂ ಚಿನ್ನ ಮತ್ತು ಬೆಳ್ಳಿಯೆಂದು ಬೇರೆಯಾದವು. ಬಾರ್ಬಡೋಸ್ ದ್ವೀಪವೊಂದರಿಂದಲೇ ಸುಮಾರು 20,000 ಮಂದಿ ಕರಾರಿನ ಮೇಲೆ ಬಂದಿದ್ದರು; ಅವರ ಕೂಲಿ ಗಂಟೆಗೆ 10 ಸೆಂಟ್, ದಿನಕ್ಕೆ ಹತ್ತು ಗಂಟೆ. ಕುಲೆಬ್ರಾದಲ್ಲಿ ಬಂಡೆ ಸಿಡಿಸುವ, ಮಣ್ಣು ಕುಸಿಯುವ ಕಡೆಗಳಲ್ಲಿ ನಿಂತವರು ಅವರೇ. 1908ರ ಡಿಸೆಂಬರ್ 12ರಂದು ಬಾಸ್ ಒಬಿಸ್ಪೋ ಎಂಬಲ್ಲಿ ಡೈನಮೈಟು ಅಕಾಲದಲ್ಲಿ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನರು ಒಮ್ಮೆಗೇ ಸತ್ತರು. ಅಮೆರಿಕದ ಕಾಲದ ನಿರ್ಮಾಣದಲ್ಲಿ ರೋಗ ಮತ್ತು ಅಪಘಾತಗಳಿಂದ ಮಡಿದವರು ದಾಖಲೆಯ ಪ್ರಕಾರ 5,609 ಮಂದಿ. ಅವರಲ್ಲಿ ಸುಮಾರು 4,500 ಮಂದಿ ವೆಸ್ಟ್ ಇಂಡೀಸಿನ ಕಪ್ಪು ಜನರು. ಕೀರ್ತಿಯ ಹಂಚಿಕೆ ಇದಕ್ಕೆ ವಿಲೋಮವಾಗಿ ನಡೆಯಿತು. ಗೋಥಲ್ಸ್, ಗಾರ್ಗಸ್, ಸ್ಟೀವನ್ಸ್ ಮೊದಲಾದವರ ಹೆಸರುಗಳು ಗ್ರಂಥಗಳಲ್ಲಿಯೂ ಸ್ಮಾರಕಗಳಲ್ಲಿಯೂ ಉಳಿದವು. ಬೆಳ್ಳಿಯ ಪಟ್ಟಿಯವರ ಮಾತು ಲೋಕಕ್ಕೆ ಕೇಳಿದ್ದು 1963ರಲ್ಲಿ. ಪನಾಮಾದ ಇತಿಹಾಸ ಸಂಘವೊಂದು ವೃದ್ಧರಾಗಿದ್ದ ಆ ಕೂಲಿಗಾರರನ್ನು ತಮ್ಮ ನೆನಪುಗಳನ್ನು ಬರೆದು ಕಳಿಸುವಂತೆ ಸ್ಪರ್ಧೆಯ ಮೂಲಕ ಆಹ್ವಾನಿಸಿತು. ಆಗ ಬಂದ ಪತ್ರಗಳಲ್ಲಿ ಜ್ವರ, ಮಳೆ, ಒದ್ದೆ ಬಟ್ಟೆ, ಜೊತೆಗಾರರ ಸಾವುಗಳೇ ಮತ್ತೆ ಮತ್ತೆ ಬರುತ್ತವೆ.

ಲೆಕ್ಕಕ್ಕೆ ಸೇರದ ಇನ್ನೊಂದು ವರ್ಗವೂ ಉಂಟು. ಚಾಗ್ರೆಸ್ ನದಿಗೆ ಅಡ್ಡಲಾಗಿ ಅಣೆಕಟ್ಟು ಎದ್ದಾಗ ಗಾತೂನ್ ಸರೋವರವು ಕಾಡುಗಳನ್ನೂ ಹಳ್ಳಿಗಳನ್ನೂ ನುಂಗಿತು. 1912ರ ಡಿಸೆಂಬರಿನಲ್ಲಿ ಹೊರಟ ಅಧ್ಯಕ್ಷರ ಆಜ್ಞೆಯು ಕಾಲುವೆ ವಲಯದ ಭೂಮಿಯೆಲ್ಲವೂ ಕಾಲುವೆಗೆ ಬೇಕೆಂದು ಸಾರಿತು. ನೀರು ಮುಟ್ಟದ ಊರುಗಳನ್ನೂ ತೆರವು ಮಾಡಿಸಲಾಯಿತು. ಗೊರ್ಗೋನಾದಂತಹ ಹಳೆಯ ಪಟ್ಟಣಗಳ ಜನ ತಲೆಮಾರುಗಳಿಂದ ಬಾಳಿದ ನದೀತೀರವನ್ನು ಬಿಟ್ಟು ಹೋದರು. ಕಾಡನ್ನು ಕಡಿದು ಕಾಲುವೆ ತೋಡಲಾಯಿತೆಂದು ಓದುವವನಿಗೆ, ಅಲ್ಲಿ ಬಾಳುತ್ತಿದ್ದ ಸಮಾಜವೊಂದು ಇತ್ತೆಂಬುದೇ ತಿಳಿಯದೆ ಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಷ್ಟೆಲ್ಲ ಎಣಿಸುತ್ತ ಕುಳಿತರೆ ಲೋಕದಲ್ಲಿ ಯಾವ ದೊಡ್ಡ ಕಾರ್ಯವೂ ನಡೆಯಲಾರದು. ಕಾಲುವೆಯಿಂದ ಉಳಿದ ಇಂಧನ, ಕಾಲ, ಹಡಗಿನವರ ಪ್ರಾಣಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟರೆ ಒಳಿತೇ ಹೆಚ್ಚು ತೂಗುತ್ತದೆ. ಆದುದರಿಂದ ಹಳೆಯದನ್ನು ಕೆದಕುವುದು ವ್ಯರ್ಥವೆಂದು ಹೇಳುವವರಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆರಂಭವಿರುವಲ್ಲಿ ಹಾನಿಯ ಸಂಭವ ಇದ್ದೇ ಇರುತ್ತದೆ. ಕೃಷಿಯಾಗಲಿ ಗೃಹನಿರ್ಮಾಣವಾಗಲಿ ಇದಕ್ಕೆ ಹೊರತಲ್ಲ. ಕಾಲುವೆಯನ್ನು ಕಟ್ಟಬಾರದಿತ್ತೆಂದು ಹೇಳುವುದು ಸುಲಭ, ಆದರೆ ನಿಷ್ಪ್ರಯೋಜಕ.

ಆದರೆ ತಕ್ಕಡಿಯ ಉಪಮೆಯಲ್ಲಿಯೇ ದೋಷವಿದೆ. ಒಬ್ಬನ ಲಾಭ ಮತ್ತು ಅವನದೇ ನಷ್ಟವನ್ನು ತೂಗಿ ನೋಡಬಹುದು. ಒಬ್ಬನ ಲಾಭದಿಂದ ಇನ್ನೊಬ್ಬನ ಪ್ರಾಣವನ್ನು ಕಳೆಯುವ ಲೆಕ್ಕವು ಯಾವ ವರ್ತಕನ ಖಾತೆಯಲ್ಲಿಯೂ ಸರಿಹೋಗದು. ಹಡಗಿನ ಒಡೆಯನು ಉಳಿಸಿದ ಇಂಧನವು ಬಾರ್ಬಡೋಸಿನ ವಿಧವೆಯ ಖಾತೆಗೆ ಜಮೆಯಾಗಲಿಲ್ಲ. ಅನಿವಾರ್ಯವಾದ ಹಾನಿ ಬೇರೆ, ಅಲಕ್ಷ್ಯದಿಂದಾದ ಹಾನಿ ಬೇರೆ. ಮೊದಲನೆಯದನ್ನು ಮಿತಗೊಳಿಸುವುದು ಕರ್ತವ್ಯ. ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ಮುಚ್ಚಿಡುವುದು ಅಪರಾಧ. ಹೊಣೆಯೂ ಕೈಯಾರೆ ಮಾಡಿದವನಲ್ಲಿಗೇ ನಿಲ್ಲುವುದಿಲ್ಲ. ಮಾಡಿದವನು, ಮಾಡಿಸಿದವನು, ಮಾಡಿದ್ದನ್ನು ಅನುಮೋದಿಸಿದವನು ಈ ಮೂವರೂ ಕರ್ಮದಲ್ಲಿ ಪಾಲುದಾರರೆಂಬುದು ಹಿರಿಯರು ಕಲಿಸಿದ ಪಾಠ. ಪನಾಮಾದಲ್ಲಿ ಮಾಡಿದವರು ಮೇಸ್ತ್ರಿಗಳು, ಮಾಡಿಸಿದವರು ಅಧಿಕಾರಿಗಳು. ಬಾಯಿ ಬಿಡದೆ ಲಾಭ ಪಡೆದ ಷೇರುದಾರನೂ, ವಿಚಾರಿಸದೆ ಸರಕು ಕೊಂಡ ಗ್ರಾಹಕನೂ ಅನುಮೋದಿಸಿದವರ ಸಾಲಿನಲ್ಲಿ ಬರುತ್ತಾರೆ. ಪಾಲಿನ ಪ್ರಮಾಣ ಬೇರೆ ಬೇರೆಯಿರಬಹುದು, ಪಾಲೇ ಇಲ್ಲವೆನ್ನುವಂತಿಲ್ಲ.

ಹಾಗಾದರೆ ಋಣ ತೀರುವ ಬಗೆ ಹೇಗೆ? ಇಲ್ಲಿಯೇ ಆಡಳಿತದ ಪ್ರಶ್ನೆ ಮುಂದೆ ಬರುತ್ತದೆ. ಕಟ್ಟುವುದು ಹತ್ತು ವರ್ಷಗಳ ಕೆಲಸ, ನಡೆಸುವುದು ನೂರಾರು ವರ್ಷಗಳ ಕೆಲಸ. ಪನಾಮಾಕ್ಕೆ ಸಲ್ಲುತ್ತಿದ್ದ ವಾರ್ಷಿಕ ಮೊತ್ತವು 1936ರ ಒಪ್ಪಂದದಿಂದ 4,30,000 ಡಾಲರಿಗೂ, 1955ರ ಒಪ್ಪಂದದಿಂದ 19,30,000 ಡಾಲರಿಗೂ ಏರಿತು. ಚಿನ್ನ, ಬೆಳ್ಳಿ ಎಂಬ ಹೆಸರುಗಳು 1940ರ ದಶಕದ ಕೊನೆಯಲ್ಲಿ ಬಿದ್ದುಹೋದವು. ಭೇದವು ಬೇರೆ ಹೆಸರಿನಲ್ಲಿ ಕೆಲಕಾಲ ಉಳಿಯಿತು. ಬೇಲಿಯಾಚೆಯ ಸಮೃದ್ಧಿಯನ್ನು ನೋಡುತ್ತ ಬೆಳೆದ ತರುಣರು 1964ರ ಜನವರಿ 9ರಂದು ತಮ್ಮ ದೇಶದ ಧ್ವಜವನ್ನು ವಲಯದಲ್ಲಿ ಹಾರಿಸಹೊರಟಾಗ ಗಲಭೆಯಾಗಿ, ಪನಾಮಾದ ಇಪ್ಪತ್ತಕ್ಕೂ ಹೆಚ್ಚು ಜನರೂ ಅಮೆರಿಕದ ನಾಲ್ವರು ಸೈನಿಕರೂ ಸತ್ತರು. ಆ ಬಳಿಕ ನಡೆದ ದೀರ್ಘ ಮಾತುಕತೆಯ ಫಲವಾಗಿ 1977ರ ಸೆಪ್ಟೆಂಬರ್ 7ರಂದು ಜಿಮ್ಮಿ ಕಾರ್ಟರ್ ಮತ್ತು ಒಮರ್ ತೋರಿಹೋಸ್ ಒಪ್ಪಂದಗಳಿಗೆ ಸಹಿ ಹಾಕಿದರು. 1979ರಲ್ಲಿ ವಲಯವು ರದ್ದಾಯಿತು. 1999ರ ಡಿಸೆಂಬರ್ 31ರ ಮಧ್ಯಾಹ್ನ ಕಾಲುವೆಯು ಸಂಪೂರ್ಣವಾಗಿ ಪನಾಮಾದ ಕೈಸೇರಿತು. ತನ್ನ ವಶದಲ್ಲಿರುವ ಬೆಲೆಬಾಳುವ ವಸ್ತುವನ್ನು ಬಲಶಾಲಿಯಾದ ದೇಶವೊಂದು ಯುದ್ಧವಿಲ್ಲದೆ ಬಿಟ್ಟುಕೊಟ್ಟ ಈ ಪ್ರಸಂಗವು ಅಪರಿಗ್ರಹದ ಆದರ್ಶವೆನ್ನುವಷ್ಟು ನಿರ್ಮಲವಲ್ಲ. ಅದರಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು. ಆದರೂ ಹಿಡಿದುದನ್ನು ಬಿಡುವುದರಿಂದ ದುರ್ಬಲರಾಗುವುದಿಲ್ಲವೆಂಬುದನ್ನು ಅದು ತೋರಿಸಿತು.

ಪನಾಮಾದವರಿಂದ ಆಡಳಿತ ನಡೆಯಲಾರದೆಂಬ ಭೀತಿ ಆಗ ವ್ಯಾಪಕವಾಗಿತ್ತು. ಅದು ಹುಸಿಯಾಯಿತು. ಅದಕ್ಕೆ ಕಾರಣವಾದ ವ್ಯವಸ್ಥೆಯನ್ನು ಸಾರ್ವಜನಿಕ ಸಂಸ್ಥೆಗಳ ಧರ್ಮದರ್ಶಿಗಳು ಗಮನಿಸಬೇಕು. ಕಾಲುವೆಯು ರಾಷ್ಟ್ರದ ಪರಭಾರೆ ಮಾಡಲಾಗದ ಆಸ್ತಿಯೆಂದು ಸಂವಿಧಾನದಲ್ಲಿಯೇ ಬರೆಯಲಾಯಿತು. ಆಡಳಿತ ಮಂಡಳಿಯಲ್ಲಿ ಹನ್ನೊಂದು ಮಂದಿ ನಿರ್ದೇಶಕರು. ಅವರಲ್ಲಿ ಹೆಚ್ಚಿನವರ ಅವಧಿ ಒಂಬತ್ತು ವರ್ಷ; ಎಲ್ಲರ ಅವಧಿಯೂ ಒಮ್ಮೆಗೇ ಮುಗಿಯದಂತೆ ನೇಮಕವಾಗುವುದರಿಂದ ಯಾವ ಒಂದು ಸರ್ಕಾರವೂ ಮಂಡಳಿಯನ್ನು ಪೂರ್ತಿಯಾಗಿ ತನ್ನವರಿಂದ ತುಂಬಲಾರದು. ಸಂಸ್ಥೆಯ ಆಯವ್ಯಯವು ಸರ್ಕಾರದ ಆಯವ್ಯಯದಿಂದ ಪ್ರತ್ಯೇಕ. ಉಳಿಕೆಯು ಮಾತ್ರ ಬೊಕ್ಕಸಕ್ಕೆ. ಕಾಲುವೆಯನ್ನು ವಿಸ್ತರಿಸಬೇಕಾದಾಗ 2006ರ ಅಕ್ಟೋಬರ್ 22ರಂದು ಇಡೀ ದೇಶದ ಜನಮತ ಕೇಳಲಾಯಿತು. ಮತ ಹಾಕಿದವರಲ್ಲಿ ಮುಕ್ಕಾಲು ಪಾಲಿಗೂ ಮಿಗಿಲು ಜನ ಒಪ್ಪಿದರು. ಹೊಸ ಲಾಕುಗಳು 2016ರ ಜೂನ್ 26ರಂದು ತೆರೆದವು. ವಹಿಸಿಕೊಂಡವನು ಒಡೆಯನಲ್ಲ, ಕಾಯುವವನು ಮಾತ್ರವೆಂಬ ತತ್ತ್ವವು ಇಲ್ಲಿ ಕಾನೂನಿನ ರೂಪ ಪಡೆದಿದೆ.

ಆದರೆ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮತ್ತೆ ಬಾಗಿಲಿಗೆ ಬಂದಿದೆ. ಹಳೆಯ ಲಾಕುಗಳಲ್ಲಿ ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ಅದೇ ಸರೋವರದ ನೀರು ಪನಾಮಾ ಮತ್ತು ಕೊಲೋನ್ ನಗರಗಳ ಜನರ ಕುಡಿಯುವ ನೀರೂ ಹೌದು. 2023ರಲ್ಲಿ ಮಳೆ ಕೈಕೊಟ್ಟಾಗ, ದಿನಕ್ಕೆ ಸುಮಾರು 36 ಇದ್ದ ಹಡಗುಗಳ ಸಂಖ್ಯೆಯನ್ನು 2024ರ ಆರಂಭದ ಹೊತ್ತಿಗೆ 24ಕ್ಕೆ ಇಳಿಸಬೇಕಾಯಿತು. ಪರಿಹಾರವಾಗಿ ಇಂದಿಯೋ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ಆಡಳಿತವು ಮುಂದಿಟ್ಟಿದೆ. ಆ ಕಣಿವೆಯಲ್ಲಿ ಮುಳುಗಡೆಯಾಗುವ ಊರುಗಳ ರೈತರು ಸುಮಾರು 2,000 ಮಂದಿ. ಅವರಲ್ಲಿ ಅನೇಕರು ಪ್ರತಿಭಟಿಸುತ್ತಿದ್ದಾರೆ. ಈ ಬಾರಿ ಆಜ್ಞೆ ಹೊರಡಿಸುವವರು ಪರದೇಶದವರಲ್ಲ. ಹಿಂದೆ ಅನ್ಯಾಯಕ್ಕೆ ಒಳಗಾದ ನಾಡೇ ಇಂದು ತನ್ನ ದುರ್ಬಲರೊಡನೆ ಹೇಗೆ ನಡೆದುಕೊಳ್ಳುವುದೆಂಬ ಪರೀಕ್ಷೆಯಿದು. ನೊಂದವನಾಗಿದ್ದೆನೆಂಬ ನೆನಪು ನೋಯಿಸುವ ಹಕ್ಕನ್ನು ಕೊಡುವುದಿಲ್ಲ. ಅದು ಹೊಣೆಯನ್ನು ಹೆಚ್ಚಿಸುತ್ತದೆ.

ಆ ಪರೀಕ್ಷೆಯಲ್ಲಿ ನೆರವಾಗುವ ಸೂತ್ರಗಳು ಕಾಲುವೆಯ ಇತಿಹಾಸದಲ್ಲಿಯೇ ಅಡಗಿವೆ. ಹಾನಿಗೆ ಒಳಗಾಗುವವರನ್ನು ಮೊದಲು ಎಣಿಸಬೇಕು. ಎಣಿಕೆಗೆ ಬಾರದವನಿಗೆ ನ್ಯಾಯವೂ ದೊರೆಯದು. ಅವರ ಮಾತನ್ನು ಸಹಿ ಬೀಳುವ ಮುನ್ನ ಕೇಳಬೇಕು, ಬಿದ್ದ ಮೇಲಲ್ಲ. ಉಳ್ಳವರ ರೋಗಕ್ಕೆ ತೋರುವ ಎಚ್ಚರಿಕೆಯನ್ನೇ ಇಲ್ಲದವರ ರೋಗಕ್ಕೂ ತೋರಬೇಕು. ಈ ಮೂರೂ ರಾಷ್ಟ್ರಗಳಿಗೆ ಮಾತ್ರ ಅನ್ವಯಿಸುವ ಮಾತುಗಳಲ್ಲ. ಕಲ್ಲು ಹೊರುವ ಕೂಲಿಗಾರರಿಂದ ಭವನ ಕಟ್ಟಿಸುವ ಪ್ರತಿಯೊಂದು ಸಂಸ್ಥೆಯ ಹಾಜರಿ ಪುಸ್ತಕದಲ್ಲಿಯೂ ಚಿನ್ನದ ಪಟ್ಟಿ, ಬೆಳ್ಳಿಯ ಪಟ್ಟಿಗಳು ಬೇರೆ ಹೆಸರಿನಲ್ಲಿ ಇರಬಹುದು. ಉದ್ಘಾಟನೆಯ ಶಿಲಾಫಲಕದಲ್ಲಿ ದಾನಿಗಳ ಹೆಸರು ಕೆತ್ತಿಸುವ ಮೊದಲು, ಅಟ್ಟಣಿಗೆಯ ಮೇಲೆ ದುಡಿದವರ ಕೂಲಿ ಪೂರ್ತಿಯಾಗಿ ಸಂದಿದೆಯೇ, ಬಿದ್ದು ಗಾಯಗೊಂಡವನ ಮನೆಯ ಒಲೆ ಉರಿಯುತ್ತಿದೆಯೇ ಎಂದು ಆ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ಆಡಳಿತ ವಹಿಸಿದವರ ಮೊದಲ ಧರ್ಮ.